ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಾಡಿನ ಮುದ್ರಣ: ಎಸ್‌ಎಸ್‌ಡಿ, ರ‍್ಯಾಮ್, ಸೆಟ್ಟಿಂಗ್, ಲಿನಕ್ಸ್

ಮನೆಯಲ್ಲಿ ಭಾವಗೀತೆಗಳನ್ನು ಹಾಡಿ ಮುದ್ರಿಸಿಕೊಳ್ಳಲು ನಾನು ಬಳಸುತ್ತಿರುವುದು ಮೂರನೆಯ ತಲೆಮಾರಿನ ಕೋರ್ ಐ5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಮೊದಲು ಅದರಲ್ಲಿ 4 ಜಿಬಿ ರ‍್ಯಾಮ್ ಮತ್ತು 5400 ಆರ್‌ಪಿಎಂ ಹಾರ್ಡ್‌ಡಿಸ್ಕ್ ಇದ್ದವು. ಪ್ರಾಜೆಕ್ಟ್ (ಒಂದು ಹಾಡಿನ ಎಲ್ಲ ಟ್ರ್ಯಾಕ್‌ಗಳನ್ನು ಒಟ್ಟಿಗಿಟ್ಟ ಕಡತ) ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ತಂಬೂರ, ತಬಲಾ ಟ್ರ್ಯಾಕ್‌ಗಳ ಮೇಲೆ ಹಾಡುವಾಗ ನಡುನಡುವೆ ಚಟಪಟ ಸದ್ದು ಸೇರಿಕೊಳ್ಳುತ್ತಿತ್ತು. ಈ ಎರಡು ತೊಂದರೆಗಳ ಮೂಲ ಬೇರೆ ಬೇರೆಯಾದ್ದರಿಂದ ಪ್ರತಿಯೊಂದು ಪರಿಹಾರವನ್ನೂ ಎರಡರ ಮುಂದೆಯೂ ಇಟ್ಟು ನೋಡಿದೆ.

ಎಲ್ಲರೂ ಮೊದಲು ಸೂಚಿಸುವುದು ಎಸ್‌ಎಸ್‌ಡಿಯನ್ನು, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕನ್ನು. ಹಾಕಿಸಿದ ದಿನವೇ ವಿಂಡೋಸ್ ಮತ್ತು ಪ್ರಾಜೆಕ್ಟ್‌ಗಳು ಥಟ್ಟನೆ ತೆರೆದುಕೊಂಡವು, ಆದರೆ ಚಟಪಟ ಸದ್ದು ಇದ್ದಂತೆಯೇ ಉಳಿಯಿತು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್‌ಗೆ ಸೆಕೆಂಡಿಗೆ 1,44,000 ಬೈಟ್ ಸಾಕು, 16 ಟ್ರ್ಯಾಕ್‌ಗಳಿಗೂ ಸುಮಾರು 2.3 ಎಂಬಿ ಮಾತ್ರ. ಸೆಕೆಂಡಿಗೆ ಹತ್ತಾರು ಎಂಬಿ ಓದಬಲ್ಲ ಹಳೆಯ ಡಿಸ್ಕಿಗೂ ಇದು ಭಾರವಲ್ಲ.

ರ‍್ಯಾಮನ್ನು 8 ಜಿಬಿಗೆ ಏರಿಸಿದ್ದರ ಫಲ ಕಂಡದ್ದು ಸ್ಯಾಂಪಲ್ ಆಧಾರಿತ ವಾದ್ಯಗಳಲ್ಲಿ, ಅಂದರೆ ನಿಜವಾದ ವಾದ್ಯದ ಮುದ್ರಿತ ಸ್ವರಗಳಿಂದ ನುಡಿಯುವ ತಂತ್ರಾಂಶಗಳಲ್ಲಿ. ಪಿಯಾನೊ, ಪಿಟೀಲು ವೃಂದದಂಥ ಲೈಬ್ರರಿಗಳು ರ‍್ಯಾಮ್ ತುಂಬಿಸಿಬಿಟ್ಟಾಗ ವಿಂಡೋಸ್ ಮೆಮೊರಿಯ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ, ಆಗ ನುಡಿಸಾಣಿಕೆ ತಡವರಿಸುತ್ತದೆ. ಮೈಕ್ ಮುಂದೆ ದನಿ ಮತ್ತು ಹಾರ್ಮೋನಿಯಂ ಮಾತ್ರ ಮುದ್ರಿಸುವವರು ಇದಕ್ಕೆ ಹಣ ಹಾಕಬೇಕಾಗಿಲ್ಲ.

ನನ್ನ ಅನುಭವದಲ್ಲಿ ಮುದ್ರಣಕ್ಕೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಒಂದು ರೂಪಾಯಿಯೂ ಖರ್ಚಾಗದ ಸೆಟ್ಟಿಂಗ್‌ಗಳು. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು, 128 ಸ್ಯಾಂಪಲ್ (ಇಲ್ಲಿ ಧ್ವನಿಯ ಒಂದೊಂದು ಅಳತೆ) ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಸಿಗುವ ಗಡುವು ಸುಮಾರು 2.7 ಮಿಲಿಸೆಕೆಂಡ್. ಪ್ರೊಸೆಸರ್ ಎಷ್ಟೇ ಬಿಡುವಾಗಿದ್ದರೂ, ಯಾವುದೋ ಒಂದು ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಅದನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡರೆ ಆ ತುಣುಕು ತಪ್ಪಿಹೋಗಿ ಚಟ್ ಎನ್ನುತ್ತದೆ. ಹೀಗೆ ತಡ ಮಾಡುವ ಡ್ರೈವರ್‌ಗಳನ್ನು ಪಟ್ಟಿ ಮಾಡುವ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ ಬಿಟ್ಟಾಗ ಪಟ್ಟಿಯ ಮೇಲ್ತುದಿಯಲ್ಲಿ ನಿಂತದ್ದು ನೆಟ್‌ವರ್ಕಿಗೆ ಸೇರಿದ ಎನ್‌ಡಿಐಎಸ್ ಎಂಬ ಕಡತ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರನ್ನು ನಿಷ್ಕ್ರಿಯಗೊಳಿಸಿ, ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿದ ಮೇಲೆ ಅದೇ ಹಾಡು, ಅದೇ ಟ್ರ್ಯಾಕ್‌ಗಳು 128ರಲ್ಲೇ ಚಟಪಟ ಸದ್ದಿಲ್ಲದೆ ನಡೆದವು. ಮಿಕ್ಸಿಂಗ್ ಮಾಡುವಾಗ ಬಫರನ್ನು 1024ಕ್ಕೆ ಏರಿಸಿ, ಭಾರದ ರಿವರ್ಬ್ (ಅನುರಣನದ ಪರಿಣಾಮ) ಇರುವ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿಕೊಳ್ಳಬೇಕು, ಅಂದರೆ ಪರಿಣಾಮ ಸಮೇತ ಸಿದ್ಧ ಧ್ವನಿಯಾಗಿ ಉಳಿಸಿಕೊಳ್ಳಬೇಕು. ಹಾಡುವಾಗ ಮಾತ್ರ 1024 ಬೇಡ: ಹೆಡ್‌ಫೋನಿನಲ್ಲಿ ತನ್ನದೇ ದನಿ ತಡವಾಗಿ ಕೇಳಿಸಿದರೆ ಹಾಡುವವರ ಲಯ ಎಳೆದುಕೊಂಡು ಹೋಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಇದ್ದರೆ ಈ ತೊಡಕೂ ಇಲ್ಲ, ಏಕೆಂದರೆ ದನಿ ಕಂಪ್ಯೂಟರಿನೊಳಗೆ ಹೋಗಿ ಬರದೆ ನೇರವಾಗಿ ಕಿವಿಗೆ ತಲುಪುತ್ತದೆ.

ಇನ್ನು ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ತಲೆಮಾರಿನ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ. ಹೀಗಾಗಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಸ್ಟುಡಿಯೊವನ್ನೂ ಪಕ್ಕದಲ್ಲಿ ಸ್ಥಾಪಿಸಿದೆ. ನನ್ನ ಯುಎಸ್‌ಬಿ ಇಂಟರ್‌ಫೇಸ್ ಪ್ರತ್ಯೇಕ ಡ್ರೈವರ್ ಇಲ್ಲದೆಯೇ ಗುರುತು ಸಿಕ್ಕಿತು, 128ರ ಬಫರ್ ವೈಫೈ ಚಾಲೂ ಇದ್ದಾಗಲೂ ಸ್ಥಿರವಾಗಿತ್ತು. ರೀಪರ್ ಮತ್ತು ಆರ್ಡರ್ (Ardour) ಎಂಬ ಮುದ್ರಣ ತಂತ್ರಾಂಶಗಳೆರಡಕ್ಕೂ ಲಿನಕ್ಸ್ ಆವೃತ್ತಿಗಳಿರುವುದರಿಂದ ಕೆಲಸದ ರೀತಿ ಹೆಚ್ಚು ಬದಲಾಗಲಿಲ್ಲ. ತೊಡಕಿರುವುದು ವಿಂಡೋಸ್‌ಗಾಗಿಯೇ ಮಾಡಿದ ಪ್ಲಗಿನ್‌ಗಳಲ್ಲಿ (ವಾದ್ಯ, ಪರಿಣಾಮಗಳನ್ನು ಸೇರಿಸುವ ಪೂರಕ ತಂತ್ರಾಂಶಗಳಲ್ಲಿ): ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ನೆರವಾಗುವ ವೈನ್ ಮತ್ತು ಯಾಬ್ರಿಡ್ಜ್ ಮೂಲಕ ಕೆಲವು ನಡೆಯುತ್ತವೆ, ಪರವಾನಗಿ ತಪಾಸಣೆ ಬಿಗಿಯಾಗಿರುವ ಕೆಲವು ಜಪ್ಪಯ್ಯ ಎಂದರೂ ತೆರೆದುಕೊಳ್ಳುವುದಿಲ್ಲ. ಕೊಂಡ ಸ್ಯಾಂಪಲ್ ಲೈಬ್ರರಿಗಳನ್ನೇ ನೆಚ್ಚಿಕೊಂಡವರಿಗೆ ಆದ್ದರಿಂದ ಲಿನಕ್ಸನ್ನು ನಾನು ಸೂಚಿಸಲಾರೆ. ಅವರು ಸೆಟ್ಟಿಂಗ್‌ಗಳನ್ನು ಸರಿಪಡಿಸಿಕೊಂಡು ರ‍್ಯಾಮ್ ಹಾಕಿಸುವುದು ಮೇಲು. ನಾನು ಈಗ ದನಿಯನ್ನು ಲಿನಕ್ಸ್‌ನಲ್ಲಿ ಮುದ್ರಿಸುತ್ತೇನೆ. ವೃಂದವಾದ್ಯ ಸೇರಿಸಬೇಕಾದಾಗ ಅದೇ ಪ್ರಾಜೆಕ್ಟನ್ನು ಅಂತರ್ಜಾಲದಿಂದ ದೂರವಿಟ್ಟಿರುವ ವಿಂಡೋಸ್‌ನ ರೀಪರ್‌ನಲ್ಲಿ ತೆರೆಯುತ್ತೇನೆ.