ಕೊಡಗಿನ ಮಳೆಯಲ್ಲಿ ಗಾಂಧಾರ: ತಂಬೂರಿಯೋ, ಕೀಬೋರ್ಡೋ?

ಮಗಳ ಸಂಗೀತ ಪಾಠಕ್ಕೆ ತಂಬೂರಿ ತರಲೋ, ಕೀಬೋರ್ಡ್ ಸಾಕೋ ಅಂತ ಕೇಳಿದ್ದೀರಿ. ಮೊದಲು ಕಿವಿಯ ವಿಷಯ. ತಂಬೂರಿಯ ಮಂದ್ರ ಷಡ್ಜದ (ಕೆಳಗಿನ ‘ಸ’) ತಂತಿ ಮೀಟಿ, ಸುಮ್ನೆ ಕೂತು ಕೇಳಿ. ಯಾರೂ ನುಡಿಸದ ಅಂತರ ಗಾಂಧಾರ (‘ಗ’ ಸ್ವರದ ಒಂದು ಬಗೆ) ಅದರೊಳಗಿಂದ ತಾನಾಗಿ ಏಳುತ್ತದೆ. ಅದರ ಕಂಪನ ಅದೇ ಸ್ಥಾಯಿಯ ‘ಸ’ದ 5/4 ಪಟ್ಟು, ಅಂದರೆ ‘ಸ’ದಿಂದ ಸುಮಾರು 386 ಸೆಂಟ್ ಮೇಲೆ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಕೀಬೋರ್ಡಿನದು 400. ಈ 14 ಸೆಂಟ್ ಏನು ಮಹಾ ಅನ್ನಿಸುತ್ತೆ, ಅಲ್ವಾ? ಎರಡನ್ನೂ ಒಟ್ಟಿಗೆ ಕೇಳಿದರೆ ನಾದ ಅಲುಗಾಡುವುದು ಗೊತ್ತಾಗುತ್ತದೆ.

ಬಾಳಿಕೆಯಲ್ಲಿ ಮಾತ್ರ ಲೆಕ್ಕ ಬೇರೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ತೇವಕ್ಕೆ ನಮ್ಮ ಮನೆ ತಂಬೂರಿಯ ತಂತಿ ಬಿಗಿಯುವ ಬಿರಡೆ ಉಬ್ಬಿ, ತಿರುಗಲೇ ಇಲ್ಲ. ಕೀಬೋರ್ಡಿಗೆ ದಿನಾ ಶ್ರುತಿ ಮಾಡುವ ಕೆಲಸವಿಲ್ಲ.

ಕರ್ನಾಟಕ ಗಾಯನವೇ ಗುರಿಯಾದರೆ, ಬಿಸಿಲಿರುವ ತಿಂಗಳಲ್ಲಾದರೂ ತಂಬೂರಿ ಜೊತೆ ಹಾಡಿಸಿ. ಚರ್ಚಿನ ಕೋರಸ್, ಸಿನಿಮಾ ಹಾಡು, ಗಿಟಾರ್ ಜೊತೆ ನುಡಿಸುವ ಆಸೆಯಿದ್ದರೆ ಕೀಬೋರ್ಡೇ ಸರಿ. ಮಳೆಗಾಲದ ಸಾಧನೆಗೆ ಎಲೆಕ್ಟ್ರಾನಿಕ್ ತಂಬೂರಿ ಸಾಕು. ಬ್ಯಾಟರಿಯಲ್ಲೂ ನಡೆಯುವಂಥದ್ದನ್ನೇ ತನ್ನಿ, ಕರೆಂಟ್ ಹೋಗುವುದು ಗೊತ್ತಲ್ಲ.