ಗರ್ಭಿಣಿಯರಿಗೆ ಫೋನಿನಲ್ಲಿ ‘ಉಚಿತ ಸಲಹೆ’: ನನ್ನ ತಂಗಿ ಕಳೆದುಕೊಂಡ ಮೂರು ವಾರ

ಗರ್ಭಿಣಿಯರಿಗೆ ಉಚಿತ ಸಲಹೆ ಕೊಡುತ್ತೇವೆಂದು ಹೇಳಿಕೊಳ್ಳುವ ಮೊಬೈಲ್ ಸಂಖ್ಯೆಯೊಂದನ್ನು ನಂಬಿ ನನ್ನ ತಂಗಿ ಮೂರು ವಾರ ಕಳೆದುಕೊಂಡಳು. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು, ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮುನ್ನೆಚ್ಚರಿಕೆ ವಹಿಸಿದ್ದರೂ ಅವಳಿಗೆ ಮತ್ತೆ ಮುಟ್ಟು ನಿಂತಿತ್ತು. ಈ ಗರ್ಭ ಬೇಡವೆಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಿದ್ದರು. ಪರಿಚಯದ ಡಾಕ್ಟರ ಬಳಿ ಹೋದರೆ ಸುದ್ದಿ ಹಬ್ಬೀತೆಂಬ ಅಂಜಿಕೆಯಿಂದ ಅವಳು ಮೊಬೈಲಿನಲ್ಲಿ ಹುಡುಕಿದಳು. ಸಿಕ್ಕಿದ ಪುಟದ ನೆತ್ತಿಯಲ್ಲಿ ಸರ್ಕಾರಿ ಲಾಂಛನವನ್ನೇ ಹೋಲುವ ಚಿತ್ರ, ಕೆಳಗೆ ತಾಯಿ-ಮಗುವಿನ ಪಟ. 104 ಆರೋಗ್ಯವಾಣಿಯ ಹೆಸರು ಕೇಳಿದ್ದವಳಿಗೆ ಇದೂ ಅದರದೇ ಶಾಖೆ ಎನಿಸಿತು. ಸಂಖ್ಯೆ ಮಾತ್ರ ಹತ್ತು ಅಂಕಿಯದು. ಆ ಆತಂಕದಲ್ಲಿ ನಾನಾಗಿದ್ದರೂ ಅಂಕಿ ಎಣಿಸುತ್ತಿರಲಿಲ್ಲ.

ಫೋನೆತ್ತಿದ ಹೆಂಗಸು “ಹೆದರಬೇಡಮ್ಮ” ಎಂದೇ ಮಾತು ತೆಗೆದು, ವಿಳಾಸ, ಗಂಡನ ನಂಬರು ಎಲ್ಲವನ್ನೂ ಬರೆದುಕೊಂಡರಂತೆ. ಗಂಡನ ಸಹಿಯಿಲ್ಲದೆ ಯಾವ ಆಸ್ಪತ್ರೆಯಲ್ಲೂ ಗರ್ಭಪಾತ ಮಾಡುವುದಿಲ್ಲ, ಅದಕ್ಕೂ ಮೊದಲು ತಮ್ಮಲ್ಲಿ ಮೂರು ಸಲ ಆಪ್ತಸಮಾಲೋಚನೆ ಆಗಲೇಬೇಕು, ಇದು ಕಾನೂನು ಎಂದರಂತೆ. ಎರಡೂ ಸುಳ್ಳು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯವಿದ್ದರೆ ಆಯಿತು, ಗರ್ಭನಿರೋಧಕ ಕೈಕೊಟ್ಟದ್ದೂ ಕಾನೂನು ಒಪ್ಪುವ ಕಾರಣವೇ.

ಮೊದಲ ಭೇಟಿ ಗುರುವಾರವೆಂದರು. ಗುರುವಾರ ಬಂದಾಗ ‘ಮೇಡಂ ರಜೆ’, ಮುಂದಿನ ವಾರ ‘ಸ್ಕ್ಯಾನಿಂಗ್ ಮಷೀನ್ ರಿಪೇರಿ’. ಅವಳು ಮೊದಲು ಕರೆ ಮಾಡಿದಾಗ ಏಳು ವಾರ. ನನಗೆ ವಿಷಯ ತಿಳಿಯುವಷ್ಟರಲ್ಲಿ ಹತ್ತು ದಾಟಿತ್ತು. ಮಾತ್ರೆಗಳಿಂದ ಗರ್ಭಪಾತ ಮಾಡಲು ನಮ್ಮ ನಿಯಮಗಳಲ್ಲಿ ಅವಕಾಶವಿರುವುದು ಒಂಬತ್ತು ವಾರದವರೆಗೆ ಮಾತ್ರ. ಹಾಗಾಗಿ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದುದಕ್ಕೆ ಆಸ್ಪತ್ರೆಯ ಟೇಬಲ್ ಹತ್ತಬೇಕಾಯಿತು.

ಇಷ್ಟು ಸಾಲದೆಂಬಂತೆ, ಅವರು ಒಂದು ರಾತ್ರಿ ತಂಗಿಯ ಗಂಡನಿಗೇ ಫೋನ್ ಮಾಡಿ “ನಿಮ್ಮ ಹೆಂಡತಿ ಏನು ಮಾಡಹೊರಟಿದ್ದಾಳೆ ಗೊತ್ತೇ?” ಎಂದು ಕೇಳಿದ್ದರು. ಅವನಿಗೆ ಗೊತ್ತಿತ್ತು; ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಅತ್ತೆಗೆ ಗೊತ್ತಿರಲಿಲ್ಲ. ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರ ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲಾಗಬಹುದೆಂದು ಕಾಯ್ದೆಯಲ್ಲಿದೆ ನಿಜ, ಆದರೆ ಅದು ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನು. ಫೋನಿನ ಆ ತುದಿಯಲ್ಲಿರುವ, ವೈದ್ಯರೇ ಅಲ್ಲದ ದನಿಯನ್ನಲ್ಲ. ನೀತಿಯಲ್ಲಿ ನನಗೆ ಕಾಣುವ ದೊಡ್ಡ ತೂತು ಇದೇ.

ನಾನೇ ಆ ಸಂಖ್ಯೆಗೆ ಕರೆ ಮಾಡಿದೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಫೋನಿನಲ್ಲಿ ಚಿಕಿತ್ಸೆಯ ಸಲಹೆ ಕೊಡುವವರು ನೋಂದಾಯಿತ ವೈದ್ಯರಾಗಿರಬೇಕು, ತಾವು ಯಾರೆಂಬುದನ್ನು ರೋಗಿಗೆ ತಿಳಿಸಬೇಕು. ನೋಂದಣಿ ಸಂಖ್ಯೆ ಕೇಳಿದೆ, ಕರೆ ಕಡಿದುಹೋಯಿತು. ಇಂಥ ಯಾವುದೇ ಸಂಖ್ಯೆಗೆ ನಿಮ್ಮ ವಿಳಾಸ ಹೇಳುವ ಮೊದಲು ಈ ಒಂದು ಪ್ರಶ್ನೆ ಕೇಳಿ.

ಕೊನೆಗೆ ತಂಗಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಪ್ಪಿಗೆಯ ನಮೂನೆಗೆ ಅವಳೊಬ್ಬಳೇ ಸಹಿ ಹಾಕಿದಳು. ಗಂಡ ಹೊರಗಿನ ಬೆಂಚಿನ ಮೇಲೆ ಮಗುವನ್ನು ಎತ್ತಿಕೊಂಡು ಕುಳಿತಿದ್ದ; ಅವನ ಸಹಿಯನ್ನು ಯಾರೂ ಕೇಳಲಿಲ್ಲ.