ಝಡ್‌ಎಫ್‌ಎಸ್ ಜೊತೆ ಆರು ವರ್ಷ: ಕಂಪ್ರೆಷನ್ ಮತ್ತು ಎಲ್ಲಕ್ಕೂ ಒಂದೇ ಖಾಲಿ ಜಾಗ

ಆರು ವರ್ಷಗಳಿಂದ ನನ್ನ ಕಡತಗಳೆಲ್ಲವೂ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ, ಎರಡು ಡಿಸ್ಕ್‌ಗಳ ಮಿರರ್ (ಎರಡರಲ್ಲೂ ಒಂದೇ ಪ್ರತಿ) ಮೇಲೆ ಕಟ್ಟಿದ ಒಂದೇ ಪೂಲ್‌ನಲ್ಲಿ, ಅಂದರೆ ಒಟ್ಟು ಸಂಗ್ರಹದಲ್ಲಿವೆ. ಹಿಂದೆ ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಒಡೆದುಕೊಂಡಿದ್ದಾಗ ಒಂದರಲ್ಲಿ ಜಾಗ ಸಾಲದೆ ಪರದಾಡುತ್ತಿದ್ದರೆ ಪಕ್ಕದ್ದು ಖಾಲಿ ಬಿದ್ದಿರುತ್ತಿತ್ತು. ಇಲ್ಲಿ ಪೂಲ್‌ನೊಳಗಿನ ವಿಭಾಗಗಳಾದ ಡೇಟಾಸೆಟ್‌ಗಳು ಎಷ್ಟೇ ಇರಲಿ, ಖಾಲಿ ಜಾಗ ಎಲ್ಲಕ್ಕೂ ಒಂದೇ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಇದರ ಮೂಲಸಂಕೇತವನ್ನು ಬಿಡುಗಡೆ ಮಾಡಿದಾಗಿನಿಂದಲೂ ಇದೇ ಅದರ ತಿರುಳು.

ದತ್ತಾಂಶವನ್ನು ಕುಗ್ಗಿಸಿ ಬರೆಯುವ ಎಲ್‌ಝಡ್4 ಕಂಪ್ರೆಷನ್ನನ್ನು ಮೊದಲ ದಿನವೇ ಆನ್ ಮಾಡಿದೆ, ಅದಕ್ಕಾಗಿ ಒಮ್ಮೆಯೂ ಪಶ್ಚಾತ್ತಾಪ ಪಟ್ಟಿಲ್ಲ. ಲಾಗ್‌ಗಳಿರುವ ಡೇಟಾಸೆಟ್‌ನಲ್ಲಿ ಕಂಪ್ರೆಸ್‌ರೇಶಿಯೊ (ಎಷ್ಟು ಪಟ್ಟು ಕುಗ್ಗಿದೆಯೆಂಬ ಅನುಪಾತ) 3ನ್ನು ದಾಟಿದೆ. ಜೆಪೆಗ್ ಚಿತ್ರಗಳು ಮೊದಲೇ ಕುಗ್ಗಿಸಿದಂಥವಾದ್ದರಿಂದ ಅಲ್ಲಿ ಅದು 1.00ರಲ್ಲೇ ನಿಂತಿದೆ. ಕುಗ್ಗದ ದತ್ತಾಂಶವನ್ನು ಎಲ್‌ಝಡ್4 ಬೇಗ ಗುರುತಿಸಿ ಕೈಬಿಡುವುದರಿಂದ ಅಲ್ಲಿಯೂ ನಷ್ಟವೇನಿಲ್ಲ. ಮುಂದೆ ಲಾಗ್‌ಗಳಿಗೆ ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಆಯ್ದುಕೊಂಡಾಗ ಅನುಪಾತ ಒಂದಿಷ್ಟೂ ಕದಲಲಿಲ್ಲ, ಏಕೆಂದರೆ ಹೊಸ ಆಯ್ಕೆ ಅನ್ವಯವಾಗುವುದು ಆನಂತರ ಬರೆಯುವ ಬ್ಲಾಕ್‌ಗಳಿಗೆ (ದತ್ತಾಂಶದ ತುಂಡುಗಳಿಗೆ) ಮಾತ್ರ. ಹಳೆಯವನ್ನು ಬೇರೆ ಡೇಟಾಸೆಟ್‌ಗೆ ನಕಲಿಸಿದ ಮೇಲಷ್ಟೇ ವ್ಯತ್ಯಾಸ ಕಂಡಿತು. ಡೇಟಾಬೇಸ್‌ನದು ಇನ್ನೂ ಸೂಕ್ಷ್ಮ. ಅದರ ರೆಕಾರ್ಡ್ ಗಾತ್ರವನ್ನು, ಅಂದರೆ ಒಂದು ಬ್ಲಾಕ್‌ನ ಗರಿಷ್ಠ ಗಾತ್ರವನ್ನು, 16 ಕೆಬಿಗೆ ಇಳಿಸಿದ್ದೆ. ಡಿಸ್ಕ್ ಜಾಗ ಕೊಡುವುದು 4 ಕೆಬಿಯ ತುಂಡುಗಳಲ್ಲಾದ್ದರಿಂದ 13 ಕೆಬಿಗೆ ಕುಗ್ಗಿದ ರೆಕಾರ್ಡೂ ಪೂರ್ತಿ 16 ಕೆಬಿಯನ್ನೇ ಹಿಡಿಯುತ್ತದೆ, 12ಕ್ಕೆ ಇಳಿದರೆ ಮಾತ್ರ ಉಳಿತಾಯ.

ಒಂದೇ ಖಾಲಿ ಜಾಗದ ಇನ್ನೊಂದು ಮುಖ ನನಗೆ ತಿಳಿದದ್ದು ಮೂರನೆಯ ವರ್ಷದಲ್ಲಿ. ಮಿತಿ ಹಾಕದೆ ಬಿಟ್ಟಿದ್ದ ಬ್ಯಾಕಪ್ ಡೇಟಾಸೆಟ್ ಇಡೀ ಪೂಲನ್ನು ನುಂಗಿ, ಅದಕ್ಕೆ ಸಂಬಂಧವೇ ಇಲ್ಲದ ಡೇಟಾಬೇಸ್ ಬರೆಯಲು ಜಾಗವಿಲ್ಲದೆ ನಿಂತುಹೋಯಿತು. ಗಾಬರಿಯಲ್ಲಿ ದೊಡ್ಡ ಕಡತಗಳನ್ನು ಅಳಿಸುತ್ತ ಹೋದರೂ ಒಂದು ಬೈಟ್ ಮರಳಲಿಲ್ಲ. ಡೇಟಾಸೆಟ್‌ಗಳ ಪಟ್ಟಿಯಲ್ಲಿ ಯೂಸ್ಡ್‌ಸ್ನ್ಯಾಪ್ (ಸ್ನ್ಯಾಪ್‌ಶಾಟ್‌ಗಳು ಹಿಡಿದ ಜಾಗ) ಅಂಕಣ ನೋಡಿದಾಗ ಕಾರಣ ಹೊಳೆಯಿತು: ಅಳಿಸಿದ ಕಡತಗಳ ಬ್ಲಾಕ್‌ಗಳನ್ನು ಹಳೆಯ ಸ್ನ್ಯಾಪ್‌ಶಾಟ್‌ಗಳು (ಡೇಟಾಸೆಟ್‌ನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಡುವ ಪ್ರತಿಗಳು) ಹಿಡಿದಿಟ್ಟುಕೊಂಡಿದ್ದವು. ಅವನ್ನು ತೆಗೆದ ಕೂಡಲೇ ಪೂಲ್ ಉಸಿರಾಡಿತು. ಅಂದಿನಿಂದ ಬ್ಯಾಕಪ್‌ಗೆ ಕೋಟಾ (ಗರಿಷ್ಠ ಮಿತಿ), ಡೇಟಾಬೇಸ್‌ಗೆ ಮೀಸಲು ಜಾಗ ಎರಡನ್ನೂ ಕಡ್ಡಾಯ ಮಾಡಿಕೊಂಡಿದ್ದೇನೆ. ಇಲ್ಲಿ ರೆಫ್‌ಕೋಟಾ ಎಂಬ ಇನ್ನೊಂದು ಬಗೆಯ ಮಿತಿ ಸಾಲದು; ಅದು ಸ್ನ್ಯಾಪ್‌ಶಾಟ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೋಟಾ ಹಿಡಿಯುತ್ತದೆ. ಹೊಸಬರು ಕೋಟಾ, ಮೀಸಲು ಜಾಗ ಎರಡನ್ನೂ ಪೂಲ್ ಕಟ್ಟಿದ ದಿನವೇ ನಿಗದಿಪಡಿಸಬೇಕೆಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಒಂದೇ ಬಗೆಯ ಬ್ಲಾಕ್‌ಗಳನ್ನು ಒಮ್ಮೆ ಮಾತ್ರ ಉಳಿಸುವ ಡಿಡುಪ್ಲಿಕೇಶನ್ ನನಗೆ ಒಗ್ಗಲಿಲ್ಲ. ಪ್ರತಿ ಬ್ಲಾಕ್‌ನ ಗುರುತನ್ನಿಡುವ ಕೋಷ್ಟಕ ಮೆಮೊರಿಗೆ ಮೀರಿ ಬೆಳೆದಾಗ ಬರವಣಿಗೆ ತೆವಳತೊಡಗಿತು, ಮತ್ತು ಆಫ್ ಮಾಡಿದರೂ ಹಳೆಯ ಬ್ಲಾಕ್‌ಗಳು ಕೋಷ್ಟಕದಲ್ಲೇ ಉಳಿದವು. ಕೊನೆಗೆ ಆ ಡೇಟಾಸೆಟ್ಟನ್ನು ನಕಲಿಸಿ, ಮೂಲವನ್ನು ಅಳಿಸಿಹಾಕಬೇಕಾಯಿತು.